ಎಣ್ಣೆಬಣ್ಣದಿಂದ ಸಗಣಿ, ದಾರ, ಕುಂಕುಮದವರೆಗೆ: ಶೀಲಾ ಗೌಡ ಅವರ ಕೃತಿಗಳನ್ನು ಚಿತ್ರಕಲೆಯ ತರಗತಿಯಲ್ಲಿ ಹೇಗೆ ಕಲಿಸಬೇಕು?

ಪ್ರಶ್ನೆ: ಕಲಾಶಿಕ್ಷಕಿ, ಹಾಸನ

ಎಲ್ಲರಿಗೂ ನಮಸ್ಕಾರ. ನಾನು ದೃಶ್ಯಕಲಾ ಪದವಿ ತರಗತಿಗಳಿಗೆ ಚಿತ್ರಕಲೆಯನ್ನು ಬೋಧಿಸುತ್ತೇನೆ. ಸಮಕಾಲೀನ ಭಾರತೀಯ ಕಲೆಯ ಭಾಗಕ್ಕೆ ಬಂದಾಗ ಹತ್ತಾರು ಹೆಸರುಗಳನ್ನು ಮೇಲಿಂದ ಮೇಲೆ ಹೇಳಿ ಮುಗಿಸುವ ಬದಲು ಒಬ್ಬ ಕಲಾವಿದರ ಕೆಲಸವನ್ನು ಆಳವಾಗಿ ನೋಡೋಣವೆಂದು ಈ ವರ್ಷ ಶೀಲಾ ಗೌಡ ಅವರನ್ನು ಆರಿಸಿಕೊಂಡಿದ್ದೇನೆ. 1957ರಲ್ಲಿ ಭದ್ರಾವತಿಯಲ್ಲಿ ಹುಟ್ಟಿದ ಅವರು ಆರ್. ಎಂ. ಹಡಪದ್ ಅವರು ಕಟ್ಟಿದ ಬೆಂಗಳೂರಿನ ಕೆನ್ ಕಲಾಶಾಲೆಯಲ್ಲಿ, ಆಮೇಲೆ ಶಾಂತಿನಿಕೇತನದಲ್ಲಿ ಕಲಿತು, 1986ರಲ್ಲಿ ಲಂಡನ್ನಿನ ರಾಯಲ್ ಕಾಲೇಜ್ ಆಫ್ ಆರ್ಟ್‌ನಿಂದ ಚಿತ್ರಕಲೆಯಲ್ಲಿ ಸ್ನಾತಕೋತ್ತರ ಪದವಿ ಪಡೆದವರು. ಅಂದರೆ ಅವರ ಶಿಕ್ಷಣವೆಲ್ಲ ಚಿತ್ರಕಲೆಯದೇ.

ಆದರೆ 1990ರ ದಶಕದಿಂದೀಚಿನ ಅವರ ಕೃತಿಗಳ ಛಾಯಾಚಿತ್ರಗಳನ್ನು ತೋರಿಸಿದಾಗ ಒಬ್ಬ ವಿದ್ಯಾರ್ಥಿ ಎದ್ದುನಿಂತು, ಚಿತ್ರ ಬಿಡಿಸುವುದನ್ನೇ ಬಿಟ್ಟವರನ್ನು ನಾವು ಚಿತ್ರಕಲೆಯ ಪಠ್ಯದಲ್ಲಿ ಏಕೆ ಓದಬೇಕು ಎಂದು ಕೇಳಿದನು. ಅದು ಉಡಾಫೆಯ ಪ್ರಶ್ನೆಯಾಗಿರಲಿಲ್ಲ. ಅವನಿಗೆ ಉತ್ತರ ನಿಜವಾಗಿಯೂ ಬೇಕಿತ್ತು, ಮತ್ತು ನಾನು ಅಲ್ಲಿಯೇ ಕೊಟ್ಟ ಉತ್ತರ ನನಗೇ ಸಾಕೆನಿಸಲಿಲ್ಲ.

ಇದರ ಜೊತೆಗೆ ಇನ್ನೊಂದು ವಿಷಯವೂ ಇದೆ. ನನ್ನ ವಿದ್ಯಾರ್ಥಿಗಳಲ್ಲಿ ಅನೇಕರು ಮಿಶ್ರಮಾಧ್ಯಮವೆಂದರೆ ಕ್ಯಾನ್ವಾಸಿನ ಮೇಲೆ ಗೋಣಿಬಟ್ಟೆಯ ತುಂಡು, ಮಣಿ, ಹಳೆಯ ಗಡಿಯಾರದ ಬಿಡಿಭಾಗಗಳನ್ನು ಅಂಟಿಸಿ, ಮೇಲೊಂದು ಪದರ ಟೆಕ್ಸ್ಚರ್ ಪೇಸ್ಟ್ ಹಚ್ಚಿ, ಅಂಚಿಗೆ ಬಂಗಾರದ ಬಣ್ಣ ಕೊಡುವುದು ಎಂದು ತಿಳಿದಿದ್ದಾರೆ. ನೋಡಲು ಅಂದವಾಗಿಯೇ ಇರುತ್ತವೆ, ಮಾರಾಟವೂ ಆಗುತ್ತವೆ. ಆದರೂ ಶೀಲಾ ಗೌಡ ಅವರ ಕೆಲಸಕ್ಕೂ ಇದಕ್ಕೂ ಇರುವ ವ್ಯತ್ಯಾಸವನ್ನು, ಯಾರ ಮನಸ್ಸನ್ನೂ ನೋಯಿಸದೆ, ಕಣ್ಣಿಗೆ ಕಾಣುವಂತೆ ತೋರಿಸುವುದು ಹೇಗೆ? ಸಗಣಿ, ಕುಂಕುಮ, ಕೂದಲಿನಂಥ ವಸ್ತುಗಳಿಂದ ಮಾಡಿದ ಕೃತಿಗಳು ಎಷ್ಟು ಕಾಲ ಬಾಳುತ್ತವೆ ಎಂಬುದನ್ನೂ ಬಲ್ಲವರು ತಿಳಿಸಿದರೆ ಉಪಕಾರವಾಗುತ್ತದೆ.

ಉತ್ತರ: ವರ್ಣಚಿತ್ರಕಾರ, ಬೆಂಗಳೂರು

ಮೇಡಂ, ನಿಮ್ಮ ವಿದ್ಯಾರ್ಥಿಯ ಪ್ರಶ್ನೆಗೆ ನನ್ನ ಉತ್ತರ ನೇರವಾಗಿದೆ. ಶೀಲಾ ಗೌಡ ಅವರು ಬಿಟ್ಟದ್ದು ಎಣ್ಣೆಬಣ್ಣವನ್ನು ಮತ್ತು ಚೌಕಟ್ಟನ್ನು. ಚಿತ್ರಕಾರರ ಕಣ್ಣನ್ನು ಅವರು ಎಂದೂ ಬಿಡಲಿಲ್ಲ, ಮತ್ತು ಇದನ್ನು ಕೃತಿಗಳನ್ನು ಇಟ್ಟುಕೊಂಡೇ ತೋರಿಸಬಹುದು.

ಬದಲಾವಣೆ ಯಾವಾಗ ಆಯಿತು ಎಂಬುದರಿಂದ ಪಾಠವನ್ನು ಪ್ರಾರಂಭಿಸಿ. ಅದಕ್ಕೂ ಮೊದಲಿನ ಅವರ ಚಿತ್ರಗಳು ಮನುಷ್ಯಾಕೃತಿಗಳನ್ನು ಒಳಗೊಂಡವು, ಮತ್ತು ಅವುಗಳಲ್ಲಿ ಹಿರಿಯ ಚಿತ್ರಕಾರ ಕೆ. ಜಿ. ಸುಬ್ರಮಣ್ಯನ್ ಅವರ ಪ್ರಭಾವವನ್ನು ವಿಮರ್ಶಕರು ಗುರುತಿಸಿದ್ದಾರೆ. 1992ರ ಡಿಸೆಂಬರಿನಲ್ಲಿ ಬಾಬ್ರಿ ಮಸೀದಿ ಧ್ವಂಸವಾಗಿ, ಅದರ ಬೆನ್ನಿಗೇ ಮುಂಬಯಿಯಲ್ಲಿ ಭೀಕರ ಹಿಂಸೆ ನಡೆದ ಕಾಲದಲ್ಲಿ ಅವರ ಕೆಲಸ ಬೇರೆ ದಿಕ್ಕು ಹಿಡಿಯಿತು. ಹಿಂಸೆಯ ದೃಶ್ಯವನ್ನು ಬಣ್ಣದಲ್ಲಿ ಬಿಡಿಸಿದರೆ ಅದು ಹಿಂಸೆಯ ಇನ್ನೊಂದು ಚಿತ್ರವಾಗುತ್ತದೆಯೇ ಹೊರತು ಅದಕ್ಕೆ ಎದುರು ನಿಲ್ಲುವ ಮಾತಾಗುವುದಿಲ್ಲ ಎಂಬ ಇಕ್ಕಟ್ಟು ಆಗಿನ ಅನೇಕ ಕಲಾವಿದರನ್ನು ಕಾಡಿತ್ತು. ಅವರು ಸಗಣಿಯನ್ನು ಕೈಗೆತ್ತಿಕೊಂಡದ್ದು ಆ ಹೊತ್ತಿನಲ್ಲಿ. ಪೂಜೆಗೂ ಬೇಕಾಗುವ, ಒಲೆಗೂ ಬೇಕಾಗುವ, ಹೆಂಗಸರು ದಿನವೂ ಕೈಯಾರೆ ಕಲಸಿ ಬೆರಣಿ ತಟ್ಟುವ, ನೆಲ ಸಾರಿಸುವ ವಸ್ತು ಅದು. ಗೋವಿನ ಹೆಸರು ರಾಜಕೀಯದ ಘೋಷಣೆಯಾಗುತ್ತಿದ್ದ ಕಾಲದಲ್ಲಿ ಅದೇ ಗೋವಿನ ಸಗಣಿಯನ್ನು ಅದರ ದುಡಿಮೆಯ ನೆಲೆಗೆ ಮರಳಿಸಿ ತೋರಿಸುವುದರಲ್ಲಿ ಒಂದು ಗಟ್ಟಿಯಾದ ನಿಲುವಿದೆ. ಅದಕ್ಕೆ ಯಾವ ಫಲಕವೂ ಬೇಕಾಗಲಿಲ್ಲ.

ಮೊದಲು ಚಿತ್ರದ ಮೇಲ್ಮೈಯೊಳಗೇ ಬಂದ ಸಗಣಿ ಕ್ರಮೇಣ ಗೋಡೆಯನ್ನು ಬಿಟ್ಟು ನೆಲಕ್ಕಿಳಿಯಿತು. 1996ರ 'ಮಾರ್ಟರ್ ಲೈನ್' ಎಂಬ ಕೃತಿಯಲ್ಲಿ ಸಗಣಿಯ ಇಟ್ಟಿಗೆಗಳು ನೆಲದ ಮೇಲೆ ಬಾಗಿದ ಸಾಲಾಗಿ ಸಾಗುತ್ತವೆ, ಅವುಗಳ ನಡುವಿನ ಸಂದಿಯಲ್ಲಿ ಕುಂಕುಮದ ಕೆಂಪು ಇದೆ. ಈ ಚಿತ್ರವನ್ನು ತರಗತಿಯಲ್ಲಿ ತೋರಿಸಿ, ಇಲ್ಲಿ ಗೆರೆ ಯಾವುದು, ಬಣ್ಣ ಯಾವುದು ಎಂದು ಕೇಳಿ ನೋಡಿ. ಕಂದು ಹರವಿನಲ್ಲಿ ಒಂದೇ ಒಂದು ಕೆಂಪು ಗೆರೆಯನ್ನು ಎಳೆಯುವುದು ಚಿತ್ರಕಾರರು ಮಾಡುವ ತೀರ್ಮಾನ. ಕುಂಚದ ಬದಲು ಬಿರುಕೇ ಗೆರೆಯಾಗಿದೆ, ಅಷ್ಟೆ.

ಇಡೀ ತರಗತಿಯನ್ನು ಒಂದೇ ಕೃತಿಗೆ ಮೀಸಲಿಡುವುದಾದರೆ ನಾನು 'ಅಂಡ್ ಟೆಲ್ ಹಿಮ್ ಆಫ್ ಮೈ ಪೇನ್' ಎಂಬುದನ್ನು ಆರಿಸುತ್ತೇನೆ. 1998ರಲ್ಲಿ ಇದರ ಮೊದಲ ರೂಪ ಬಂತು, ಆಮೇಲೆ ಬೇರೆ ಬೇರೆ ಜಾಗಗಳಿಗೆ ತಕ್ಕಂತೆ ಮತ್ತೆ ಮತ್ತೆ ಹೊಸದಾಗಿ ಹರಡಿಕೊಂಡಿತು. 2007ರಲ್ಲಿ ಜರ್ಮನಿಯ ಕಾಸೆಲ್ ನಗರದಲ್ಲಿ ನಡೆದ ಅಂತಾರಾಷ್ಟ್ರೀಯ ಕಲಾಪ್ರದರ್ಶನ ಡಾಕ್ಯುಮೆಂಟಾ 12ರಲ್ಲಿಯೂ ಇದಕ್ಕೆ ಸ್ಥಾನವಿತ್ತು. ಬಲು ಉದ್ದನೆಯ ದಾರವನ್ನು ಹೊಲಿಗೆಯ ಸೂಜಿಯ ಕಣ್ಣಿನಲ್ಲಿ ತೂರಿಸಿ, ಅದರ ನಡುಮಧ್ಯಕ್ಕೆ ಸೂಜಿ ಬರುವ ತನಕ ಎಳೆದು, ಹಾಗೆ ಒಂದೊಂದಾಗಿ ಸಿದ್ಧವಾದ ಎಳೆಗಳನ್ನೆಲ್ಲ ಒಟ್ಟುಗೂಡಿಸಿ ಅಂಟು ಮತ್ತು ಕುಂಕುಮದಿಂದ ಬಿಗಿದು ಹಗ್ಗ ಮಾಡಲಾಗಿದೆ. ಹಗ್ಗದ ತುದಿಯಲ್ಲಿ ಸೂಜಿಗಳೆಲ್ಲ ಗೊಂಚಲಾಗಿ ನೇತಾಡುತ್ತವೆ. ಕೋಣೆಯೊಳಗೆ ಕಾಲಿಟ್ಟವರಿಗೆ ಮೊದಲು ಕಾಣುವುದು ಗೋಡೆಯಿಂದ ಗೋಡೆಗೆ, ಅಲ್ಲಿಂದ ನೆಲಕ್ಕೆ ಇಳಿದು ಸುರುಳಿಗಟ್ಟುವ ಕೆಂಪು ರೇಖೆ. ಗಾಳಿಯಲ್ಲಿ ಬರೆದ ರೇಖಾಚಿತ್ರವೆಂದೇ ಅನ್ನಿಸುತ್ತದೆ. ಹತ್ತಿರ ಹೋದಂತೆ ಹೊಕ್ಕುಳಬಳ್ಳಿ, ಕರುಳು, ರಕ್ತನಾಳ ನೆನಪಿಗೆ ಬರುತ್ತವೆ, ತುದಿಯ ಸೂಜಿಗಳನ್ನು ಕಂಡಾಗ ಅಷ್ಟು ದಾರವನ್ನು ಅಷ್ಟು ಸಣ್ಣ ಕಣ್ಣುಗಳ ಮೂಲಕ ಎಳೆದ ಕೈಗಳ ಶ್ರಮ ತಾನಾಗಿಯೇ ಅರಿವಿಗೆ ಬರುತ್ತದೆ. ನೋವನ್ನು ಕುರಿತ ಕೃತಿಯೊಂದು ನೋವಿನ ಮುಖವನ್ನು ಬಿಡಿಸದೆ, ತಾಳ್ಮೆಯ ದುಡಿಮೆಯ ಮೂಲಕವೇ ಅದನ್ನು ತಲುಪಿಸುತ್ತದೆ. ನನ್ನ ಮಟ್ಟಿಗೆ ಕಳೆದ ಐವತ್ತು ವರ್ಷಗಳ ಭಾರತೀಯ ಕಲೆಯಲ್ಲಿ ಇದಕ್ಕೆ ಸಮನಾದ ಕೃತಿಗಳು ಬೆರಳೆಣಿಕೆಯಷ್ಟಿವೆ.

ಈಗ ಅಂಟಿಸುವ ಮಿಶ್ರಮಾಧ್ಯಮದ ವಿಷಯ. ಕ್ಯಾನ್ವಾಸಿನ ಮೇಲೆ ಗೋಣಿಬಟ್ಟೆಯನ್ನು ಅಂಟಿಸಿದಾಗ ಅದು ಒರಟಾದ ಮೇಲ್ಮೈಯನ್ನು ಕೊಡುತ್ತದೆ, ಅದರ ಕೆಲಸ ಅಲ್ಲಿಗೆ ಮುಗಿಯುತ್ತದೆ. ಆ ಚೀಲ ಯಾವ ಮಂಡಿಯಿಂದ ಬಂತು, ಯಾರ ಬೆನ್ನಿನ ಮೇಲಿತ್ತು ಎಂಬುದು ಚಿತ್ರಕ್ಕೆ ಬೇಕಾಗಿಯೇ ಇರುವುದಿಲ್ಲ. ಶೀಲಾ ಗೌಡ ಅವರ 'ಬಿಹೋಲ್ಡ್' ಕೃತಿಯನ್ನು ಇದರ ಪಕ್ಕದಲ್ಲಿಡಿ. 2009ರ ವೆನಿಸ್ ಬಿಯೆನಾಲೆ ಎಂಬ ಅಂತಾರಾಷ್ಟ್ರೀಯ ಕಲಾಪ್ರದರ್ಶನದಲ್ಲಿ ತೋರಿಸಲಾದ, ಈಗ ಲಂಡನ್ನಿನ ಟೇಟ್ ವಸ್ತುಸಂಗ್ರಹಾಲಯದ ಸಂಗ್ರಹದಲ್ಲಿರುವ ಈ ಕೃತಿಯಲ್ಲಿ ಸುಮಾರು 4,000 ಮೀಟರ್ ಉದ್ದದ ಕೂದಲಿನ ಹಗ್ಗವು ಕಾರುಗಳ ಉಕ್ಕಿನ ಬಂಪರುಗಳನ್ನು ಹೊತ್ತು ನಿಂತಿದೆ. ದೃಷ್ಟಿ ತಾಗದಿರಲೆಂದು ಬೆಂಗಳೂರಿನ ವಾಹನಗಳ ಬಂಪರಿಗೆ ಕಟ್ಟುವ ಕಪ್ಪು ಕೂದಲಿನ ಹಗ್ಗವನ್ನು ನಾವೆಲ್ಲ ನೋಡಿದ್ದೇವೆ. ಹರಕೆ ಹೊತ್ತವರು ದೇವಸ್ಥಾನದಲ್ಲಿ ಮುಡಿ ಕೊಟ್ಟ ಮೇಲೆ ಉದ್ದ ಕೂದಲು ವಿಗ್ ತಯಾರಿಕೆಗೆ ಹೋಗುತ್ತದೆ, ಮೋಟು ಕೂದಲು ಇಂಥ ಹಗ್ಗವಾಗುತ್ತದೆ. ಭಕ್ತಿ, ಭಯ, ವ್ಯಾಪಾರ ಮೂರೂ ಆ ಎಳೆಗಳೊಳಗೆ ಮೊದಲೇ ಹೆಣೆದುಕೊಂಡಿವೆ. ಕಲಾವಿದೆ ಅದಕ್ಕೆ ಹೊರಗಿನಿಂದ ಅರ್ಥವನ್ನು ಬಳಿಯಲಿಲ್ಲ. ಹಗುರವಾದ ಕೂದಲು ಭಾರವಾದ ಉಕ್ಕನ್ನು ಎತ್ತಿ ಹಿಡಿಯುವಂತೆ ಇರಿಸಿ, ನಂಬಿಕೆಯು ಯಂತ್ರವನ್ನು ಕಾಯುತ್ತದೆ ಎಂಬ ನಮ್ಮ ದಿನನಿತ್ಯದ ನಡವಳಿಕೆಯನ್ನು ಕಣ್ಣಳತೆಗೆ ತಂದರು. ನಿಮ್ಮ ವಿದ್ಯಾರ್ಥಿಗಳಿಗೆ ಹೇಳಬೇಕಾದ ವ್ಯತ್ಯಾಸ ಇದೇ ಎಂದು ನಾನು ತಿಳಿದಿದ್ದೇನೆ: ವಸ್ತುವಿಗೆ ತನ್ನದೇ ಆದ ಬದುಕು ಮೊದಲೇ ಇರುತ್ತದೆ, ಅದನ್ನು ಕೇಳಿಸಿಕೊಂಡವರ ಕೈಯಲ್ಲಿ ಮಾತ್ರ ಅದು ಮಾಧ್ಯಮವಾಗುತ್ತದೆ.

ಡಾಂಬರಿನ ಡ್ರಮ್ಮುಗಳ ಕೃತಿಗಳನ್ನೂ ಬಿಡಬೇಡಿ. ರಸ್ತೆ ಕೆಲಸದ ಕೂಲಿಗಳು ಖಾಲಿ ಡ್ರಮ್ಮುಗಳನ್ನು ತಟ್ಟಿ ಚಪ್ಪಟೆ ಮಾಡಿ ಗುಡಿಸಲು ಕಟ್ಟಿಕೊಳ್ಳುವುದುಂಟು. 2006ರ 'ಡಾರ್ಕ್‌ರೂಮ್' ಅಂಥದೊಂದು ಬಿಡಾರ. ಎದುರಿನಿಂದ ಅದಕ್ಕೆ ಕಂಬಗಳಿರುವ ಅರಮನೆಯ ಗತ್ತು ಇದೆ, ಒಳಗೆ ಬಗ್ಗಿಯೇ ನುಸುಳಬೇಕು, ನುಸುಳಿ ತಲೆಯೆತ್ತಿದರೆ ಸೂರಿನ ತಗಡಿಗೆ ಕೊರೆದ ತೂತುಗಳಿಂದ ಬೆಳಕು ನಕ್ಷತ್ರಗಳ ಹಾಗೆ ಇಳಿಯುತ್ತದೆ. 'ಕಾಗೆಬಂಗಾರ' ಎಂಬ ಇನ್ನೊಂದು ಕೃತಿಯಲ್ಲಿ ಚಪ್ಪಟೆಯಾದ ಡ್ರಮ್ ತಗಡುಗಳು, ಟಾರ್ಪಾಲಿನ್, ಅಭ್ರಕ ಇವೆ. ದೂರದಿಂದ ನೋಡಿದರೆ ಇಪ್ಪತ್ತನೆಯ ಶತಮಾನದ ಅಮೂರ್ತ ವರ್ಣಚಿತ್ರಗಳ ಆಯತಗಳನ್ನೇ ನೋಡುತ್ತಿದ್ದೇವೆ ಅನ್ನಿಸುವಷ್ಟು ಖಚಿತವಾದ ವರ್ಣಸಂಯೋಜನೆ ಅದರಲ್ಲಿದೆ. ಚಿತ್ರಕಲೆಯನ್ನು ತೊರೆದವರಿಗೆ ಇದು ಸಾಧ್ಯವಿಲ್ಲ.

ಉತ್ತರ: ಕಲಾಕೃತಿ ಸಂರಕ್ಷಣೆಯ ಕೆಲಸದವರು, ಮೈಸೂರು

ಬಾಳಿಕೆಯ ಪ್ರಶ್ನೆಗೆ ನನ್ನ ವೃತ್ತಿಯ ಅನುಭವದಿಂದ ಉತ್ತರಿಸುತ್ತೇನೆ. ಯಾವ ನಿರ್ದಿಷ್ಟ ಕೃತಿಯ ಸ್ಥಿತಿಯನ್ನೂ ನಾನು ಹೇಳುತ್ತಿಲ್ಲ, ವಸ್ತುಗಳ ಗುಣವನ್ನಷ್ಟೇ ಹೇಳುತ್ತಿದ್ದೇನೆ.

ಮಾನವನ ಕೂದಲು ಬಹಳ ಗಟ್ಟಿ. ಅದು ಕೆರಟಿನ್ ಎಂಬ ಪ್ರೋಟೀನಿನಿಂದ ಆದದ್ದು, ಒಣಗಿದ ವಾತಾವರಣದಲ್ಲಿ ಶತಮಾನಗಳೇ ಉಳಿಯುತ್ತದೆ. ಅದಕ್ಕೆ ಶತ್ರುಗಳೆಂದರೆ ಉಣ್ಣೆ ತಿನ್ನುವ ನುಸಿ ಮತ್ತು ಕೆಲವು ಜಾತಿಯ ದುಂಬಿಗಳ ಮರಿಹುಳುಗಳು. ಸಗಣಿಯಲ್ಲಿ ಹುಲ್ಲಿನ ನಾರಿರುವುದರಿಂದ ಒಣಗಿದ ಮೇಲೆ ಅದು ಒಂದಿಷ್ಟು ಬಿಗಿಯಾಗಿ ಹಿಡಿದುಕೊಳ್ಳುತ್ತದೆ, ಆದರೆ ನಮ್ಮ ಕರಾವಳಿ ಮತ್ತು ಮಲೆನಾಡಿನ ಮಳೆಗಾಲದ ತೇವದಲ್ಲಿ ಬೂಷ್ಟು ಬರುವುದನ್ನು ತಡೆಯುವುದು ಕಷ್ಟ, ಹುಳುವೂ ಹಿಡಿಯುತ್ತದೆ. ಡಾಂಬರಿನ ಡ್ರಮ್ಮಿನ ತಗಡು ತುಕ್ಕು ಹಿಡಿಯುತ್ತದೆ, ಅಲ್ಲಿ ತುಕ್ಕು ಕೃತಿಯ ಬಣ್ಣವೇ ಆಗಿರುವುದರಿಂದ ಎಷ್ಟನ್ನು ಉಳಿಸಬೇಕು, ಎಲ್ಲಿ ತಡೆಯಬೇಕು ಎಂಬುದನ್ನು ಕಲಾವಿದರನ್ನು ಕೇಳಿಯೇ ತೀರ್ಮಾನಿಸಬೇಕಾಗುತ್ತದೆ.

ಕುಂಕುಮದ ವಿಷಯ ವಿದ್ಯಾರ್ಥಿಗಳಿಗೆ ವಿಶೇಷವಾಗಿ ಉಪಯುಕ್ತ. ಸಾಂಪ್ರದಾಯಿಕ ಕುಂಕುಮವು ಅರಿಶಿನಕ್ಕೆ ಸುಣ್ಣದಂಥ ಕ್ಷಾರವನ್ನು ಸೇರಿಸಿ ಕೆಂಪಾಗಿಸಿದ್ದು. ಅರಿಶಿನದ ಬಣ್ಣವಾದ ಕರ್ಕ್ಯುಮಿನ್ ಬೆಳಕನ್ನು ತಾಳುವುದಿಲ್ಲ, ಬಿಸಿಲು ಬೀಳುವ ಗೋಡೆಯ ಮೇಲೆ ಕೆಲವೇ ತಿಂಗಳಲ್ಲಿ ಮಾಸಿಬಿಡುತ್ತದೆ. ಅಂಗಡಿಗಳಲ್ಲಿ ಸಿಗುವ ಬಹುಪಾಲು ಕುಂಕುಮದಲ್ಲಿ ಕೃತಕ ಬಣ್ಣವಿರುತ್ತದೆ, ಅದರ ನಡವಳಿಕೆ ಪೊಟ್ಟಣದಿಂದ ಪೊಟ್ಟಣಕ್ಕೆ ಬೇರೆಯಾಗಬಹುದು. ಆದ್ದರಿಂದ ಕೃತಿಗೆ ಬಳಸಿದ ಪುಡಿಯನ್ನು ಒಂದು ಕಾಗದಕ್ಕೆ ಹಚ್ಚಿ, ಅರ್ಧವನ್ನು ದಪ್ಪ ರಟ್ಟಿನಿಂದ ಮುಚ್ಚಿ, ಕಿಟಕಿಯ ಬಳಿ ಕೆಲವು ವಾರ ಇಟ್ಟು ನೋಡುವ ಅಭ್ಯಾಸವನ್ನು ಮಾಡಿಸಿ.

ಅಂಟಿಸಿದ ಮಿಶ್ರಮಾಧ್ಯಮದ ಚಿತ್ರಗಳಲ್ಲಿ ನನಗೆ ಹೆಚ್ಚು ಬೇಸರ ತರಿಸುವುದು ಎರಡು ಸಂಗತಿಗಳು. ಎಣ್ಣೆಬಣ್ಣದ ಪದರದ ಮೇಲೆ ಅಕ್ರಿಲಿಕ್ ಹಚ್ಚಿದರೆ ಅದು ಹಿಡಿದುಕೊಳ್ಳದೆ ಕಾಲಕ್ರಮದಲ್ಲಿ ಹೊಪ್ಪಳೆಯೇಳುತ್ತದೆ. ಅಕ್ರಿಲಿಕ್ಕನ್ನು ಕೆಳಗೆ ಹಚ್ಚಿ ಎಣ್ಣೆಬಣ್ಣವನ್ನು ಮೇಲೆ ಬಳಸುವುದೇ ಸರಿಯಾದ ಕ್ರಮ. ಇನ್ನು ದಿನಪತ್ರಿಕೆಯ ಕಾಗದದಲ್ಲಿ ಮರಕ್ಕೆ ಗಡಸುತನ ಕೊಡುವ ಲಿಗ್ನಿನ್ ಎಂಬ ಪದಾರ್ಥ ಹಾಗೆಯೇ ಉಳಿದಿರುವುದರಿಂದ ಅದು ಹಳದಿಯಾಗಿ, ಪುಡಿಯಾಗಿ, ಪಕ್ಕದ ಕಾಗದಕ್ಕೂ ಆಮ್ಲವನ್ನು ಹರಡುತ್ತದೆ. ಪತ್ರಿಕೆಯ ಚಿತ್ರವೇ ಬೇಕೆಂದರೆ ಅದನ್ನು ಆಮ್ಲರಹಿತ ಕಾಗದದ ಮೇಲೆ ಮುದ್ರಿಸಿಕೊಳ್ಳುವುದು ಮೇಲು. ಕೃತಿಯ ಬೆನ್ನಿನ ಮೇಲೆ ಬಳಸಿದ ಪ್ರತಿಯೊಂದು ವಸ್ತು, ಅಂಟು, ವಾರ್ನಿಷ್ ಇವುಗಳ ಹೆಸರನ್ನು ಬರೆದಿಡುವುದನ್ನು ಮೊದಲ ವರ್ಷದಿಂದಲೇ ಕಡ್ಡಾಯ ಮಾಡಿ, ಮೇಡಂ. ನಮ್ಮಂಥವರಿಗೆ ಮುಂದೆ ದೊರೆಯುವ ಅತಿದೊಡ್ಡ ನೆರವು ಅದೇ.

ಉತ್ತರ: ನಿವೃತ್ತ ಉಪನ್ಯಾಸಕ, ಧಾರವಾಡ

ಬೆಂಗಳೂರಿನ ಮಿತ್ರರು ಬರೆದದ್ದನ್ನು ಗೌರವದಿಂದ ಓದಿದೆ. ಶೀಲಾ ಗೌಡ ಅವರ ಬಗ್ಗೆ ಅವರು ಹೇಳಿದ್ದರಲ್ಲಿ ನನಗೆ ತಕರಾರಿಲ್ಲ. ನನ್ನ ಆತಂಕ ಪಾಠದ ಕ್ರಮವನ್ನು ಕುರಿತದ್ದು. ಮೊದಲು ಕ್ಯಾನ್ವಾಸು, ಆಮೇಲೆ ವಸ್ತುಗಳು ಎಂದು ಒಂದೇ ಕಲಾವಿದರ ಬದುಕಿನ ಮೂಲಕ ಹೇಳಿದರೆ, ಬಣ್ಣ ಮತ್ತು ಕುಂಚ ಬಾಲ್ಯದ ಹಂತ, ಅವನ್ನು ದಾಟಿದವರೇ ಸಮಕಾಲೀನರು ಎಂಬ ಭಾವನೆ ಹದಿನೆಂಟರ ಹರೆಯದ ಮನಸ್ಸಿನಲ್ಲಿ ಬೇರೂರಿಬಿಡುತ್ತದೆ. ಅದು ಸತ್ಯವಲ್ಲ.

ಎಸ್. ಜಿ. ವಾಸುದೇವ್ ಅವರನ್ನು ನೋಡಿ. 1941ರಲ್ಲಿ ಮೈಸೂರಿನಲ್ಲಿ ಹುಟ್ಟಿ, ಮದರಾಸಿನ ಕಲಾಶಾಲೆಯಲ್ಲಿ ಕೆ. ಸಿ. ಎಸ್. ಪಣಿಕ್ಕರ್ ಅವರ ಶಿಷ್ಯರಾಗಿ, 1966ರಲ್ಲಿ ಆರಂಭವಾದ ಚೋಳಮಂಡಲ ಕಲಾಗ್ರಾಮದ ಸ್ಥಾಪಕರಲ್ಲಿ ಒಬ್ಬರಾದವರು. ತಾಮ್ರದ ಉಬ್ಬುಫಲಕಗಳನ್ನು ಮಾಡಿದರು, ನೇಕಾರ ಸುಬ್ಬರಾಯಲು ಅವರ ಜೊತೆಗೂಡಿ ಚಿತ್ರಗಳನ್ನು ರೇಷ್ಮೆಯ ನೇಯ್ಗೆಗೆ ತಂದರು, ಆದರೂ ಎಣ್ಣೆಬಣ್ಣವನ್ನು ಕೈಬಿಡಲಿಲ್ಲ. ಅವರ 'ವೃಕ್ಷ' ಸರಣಿಯ ಚಿತ್ರಗಳಲ್ಲಿ ಬಣ್ಣದ ಪದರವನ್ನು ಕೆರೆದು ತೆಗೆದ ಗೆರೆಗಳಿವೆ. ಲೋಹದ ಮೇಲೆ ಕೆಲಸ ಮಾಡಿದ ಕೈ ಕ್ಯಾನ್ವಾಸಿಗೆ ಮರಳಿದಾಗ ಬರುವ ಗುಣ ಅದೆಂದು ನಾನು ಓದಿಕೊಳ್ಳುತ್ತೇನೆ. ಇಲ್ಲಿ ಮಾಧ್ಯಮಗಳು ಒಂದರಿಂದ ಇನ್ನೊಂದು ಕಲಿಯುತ್ತವೆ, ಯಾವುದೂ ಯಾವುದನ್ನೂ ಹಿಂದಿಕ್ಕುವುದಿಲ್ಲ.

ರವಿಕುಮಾರ್ ಕಾಶಿ ಅವರದು ಮತ್ತೊಂದು ದಾರಿ. ಅವರೂ ಚಿತ್ರಕಾರರೇ. ಗ್ಲಾಸ್ಗೋದಲ್ಲಿ ಕೈಕಾಗದ ತಯಾರಿಕೆಯನ್ನೂ, ಆಮೇಲೆ ಕೊರಿಯಾದಲ್ಲಿ ಕಾಗದ ಹಿಪ್ಪುನೇರಳೆಯ ಒಳತೊಗಟೆಯಿಂದ ಮಾಡುವ ಹಾಂಜಿ ಕಾಗದದ ವಿದ್ಯೆಯನ್ನೂ ಕಲಿತು ಬಂದರು. ಚಿತ್ರ ಬಿಡಿಸಲು ಆಧಾರವಾಗಿದ್ದ ಕಾಗದ ಅವರಲ್ಲಿ ತಾನೇ ಕೃತಿಯಾಗುತ್ತದೆ, ನಾರಿನ ತಿಳಿಯನ್ನು ಹದ ಮಾಡುವಾಗಲೇ ಚಿತ್ರ ಹುಟ್ಟುತ್ತದೆ. ಜೊತೆಗೆ ಅವರು ಕಲೆಯನ್ನು ಕುರಿತು ಕನ್ನಡದಲ್ಲಿ ಸತತವಾಗಿ ಬರೆಯುತ್ತ ಬಂದಿದ್ದಾರೆ. ಆದ್ದರಿಂದ ನಮ್ಮ ವಿದ್ಯಾರ್ಥಿಗಳಿಗೆ ಕಲಾವಿದರೊಬ್ಬರ ಆಲೋಚನೆಯನ್ನು ಅವರದೇ ಮಾತಿನಲ್ಲಿ, ತಮ್ಮದೇ ಭಾಷೆಯಲ್ಲಿ ಓದುವ ಅವಕಾಶವಿದೆ. ಇದು ಸಣ್ಣ ಸಂಗತಿಯಲ್ಲ.

ಇನ್ನೊಂದು ಮಾತನ್ನೂ ಹೇಳಲೇಬೇಕು. ಶೀಲಾ ಗೌಡ ಅವರ ಮುಖ್ಯ ಕೃತಿಗಳಲ್ಲಿ ಹಲವು ವಿದೇಶಗಳ ವಸ್ತುಸಂಗ್ರಹಾಲಯಗಳಲ್ಲಿವೆ. 2019ರಲ್ಲಿ ಮಿಲಾನಿನ ಪಿರೆಲ್ಲಿ ಹ್ಯಾಂಗರ್‌ಬಿಕೊಕ್ಕಾ ಕಲಾಕೇಂದ್ರದಲ್ಲಿ ಅವರ ದೊಡ್ಡ ಪ್ರದರ್ಶನ ನಡೆಯಿತು, ಅದೇ ವರ್ಷ ಅವರಿಗೆ ಮರಿಯಾ ಲಾಸ್ನಿಗ್ ಪ್ರಶಸ್ತಿ ಬಂತು, ಮರುವರ್ಷ ಮ್ಯೂನಿಕ್ಕಿನ ಲೆನ್‌ಬಾಖ್‌ಹೌಸ್ ವಸ್ತುಸಂಗ್ರಹಾಲಯದಲ್ಲಿ ಪ್ರದರ್ಶನವಾಯಿತು. ಇದೆಲ್ಲ ಹೆಮ್ಮೆಯ ವಿಷಯ. ಆದರೆ ಸುತ್ತ ನಡೆದು, ಬಗ್ಗಿ ಒಳಹೊಕ್ಕು ನೋಡಬೇಕಾದ ಕೃತಿಯನ್ನು ಹಾಸನದ ಮಕ್ಕಳು ಪರದೆಯ ಮೇಲೆ ನೋಡಿ ಅರಿಯಬೇಕಾಗಿದೆ ಎಂಬ ಕೊರತೆಯನ್ನು ನಾವು ಗಂಭೀರವಾಗಿ ಪರಿಗಣಿಸಬೇಕು. ಪಠ್ಯದಲ್ಲಿ ಒಬ್ಬರನ್ನಾದರೂ ನೇರವಾಗಿ ಕೃತಿಯ ಎದುರು ನಿಂತು ಓದುವಂತೆ ಏರ್ಪಾಡು ಮಾಡಿ.

ಪ್ರತಿಕ್ರಿಯೆ: ಕಲಾಶಿಕ್ಷಕಿ, ಹಾಸನ

ಮೂವರಿಗೂ ಹೃತ್ಪೂರ್ವಕ ವಂದನೆಗಳು. ಧಾರವಾಡದ ಸರ್ ಅವರು ಎತ್ತಿದ ಆಕ್ಷೇಪ ನನಗೆ ಒಪ್ಪಿಗೆಯಾಗಿದೆ. ಶೀಲಾ ಗೌಡ, ವಾಸುದೇವ್, ಕಾಶಿ ಈ ಮೂವರನ್ನೂ ಒಂದೇ ವಾರದಲ್ಲಿ ಅಕ್ಕಪಕ್ಕದಲ್ಲಿಟ್ಟು ತೋರಿಸುತ್ತೇನೆ. ಅಭ್ಯಾಸವಾಗಿ, ಪ್ರತಿಯೊಬ್ಬ ವಿದ್ಯಾರ್ಥಿಯೂ ತನ್ನ ಮನೆ ಅಥವಾ ಬೀದಿಯಲ್ಲಿ ದಿನವೂ ಬಳಕೆಯಾಗುವ ಒಂದೇ ವಸ್ತುವನ್ನು ಆರಿಸಿಕೊಂಡು, ಅದನ್ನು ಯಾರು ಮಾಡುತ್ತಾರೆ, ಯಾರು ಮಾರುತ್ತಾರೆ, ಹೇಗೆ ಹಾಳಾಗುತ್ತದೆ ಎಂಬುದನ್ನು ವಿಚಾರಿಸಿ ಬಂದು, ಆಮೇಲೆ ಕೃತಿ ರಚಿಸಬೇಕೆಂದು ಹೇಳಬಹುದೇ? ನಮ್ಮ ಜಿಲ್ಲೆಯಲ್ಲಿ ಕಾಫಿ ಒಣಗಿಸುವ ಟಾರ್ಪಾಲಿನ್ ಇದೆ, ಆಲೂಗಡ್ಡೆಯ ಚೀಲಗಳಿವೆ, ತೆಂಗಿನ ನಾರಿದೆ.

ಉತ್ತರ: ವರ್ಣಚಿತ್ರಕಾರ, ಬೆಂಗಳೂರು

ಅಗತ್ಯವಾಗಿ ಮಾಡಿಸಿ, ಮೇಡಂ. ಎರಡು ಎಚ್ಚರಿಕೆಗಳನ್ನು ಮಾತ್ರ ಹೇಳುತ್ತೇನೆ. ವಿಚಾರಿಸಿ ತಂದ ವಿಷಯವೇ ದೊಡ್ಡದಾಗಿ, ಕೃತಿಯ ಪಕ್ಕದಲ್ಲಿ ಒಂದು ಪುಟದ ವಿವರಣೆಯನ್ನು ಓದದೆ ಏನೂ ತಿಳಿಯದು ಎಂಬಂತಾಗಬಾರದು. ಆದ್ದರಿಂದ ಮೊದಲ ಸಲ ವಿವರಣೆಯನ್ನು ಗೋಡೆಗೆ ಹಚ್ಚಲು ಬಿಡಬೇಡಿ. ಎರಡನೆಯದಾಗಿ, ಅಂಟನ್ನು ನಿಷೇಧಿಸಿ. ಕಟ್ಟುವುದು, ಹೊಲಿಯುವುದು, ಮಡಚುವುದು, ನೇತುಹಾಕುವುದು, ಒಂದರ ಮೇಲೊಂದು ಪೇರಿಸುವುದು ಇವಿಷ್ಟಕ್ಕೇ ಅವಕಾಶ ಕೊಟ್ಟರೆ, ಆ ವಸ್ತು ಎಷ್ಟು ಭಾರ ತಡೆಯುತ್ತದೆ, ಎಲ್ಲಿ ಬಾಗುತ್ತದೆ, ಎಲ್ಲಿ ಹರಿಯುತ್ತದೆ ಎಂಬುದನ್ನು ವಿದ್ಯಾರ್ಥಿಗಳು ಕೈಯಿಂದಲೇ ಕಲಿಯುತ್ತಾರೆ. ಕಾಫಿ ಕಣದ ಟಾರ್ಪಾಲಿನ್ನಿಗೆ ಬಿಸಿಲಿನಿಂದ ಬಂದ ಮಾಸಲು ನೀಲಿ ಇರುತ್ತದೆ, ಅದರ ಮೇಲೆ ಬೇರೆ ಬಣ್ಣವನ್ನು ಹಚ್ಚಬೇಕೋ ಬೇಡವೋ ಎಂಬ ಚರ್ಚೆಯನ್ನು ತರಗತಿಯಲ್ಲಿ ನಡೆಸಿ. ನಿಮ್ಮ ಆ ವಿದ್ಯಾರ್ಥಿ ಮುಂಚೂಣಿಯಲ್ಲಿ ಕುಳಿತು ವಾದ ಮಾಡಲಿ.

ಉತ್ತರ: ಕಲಾಕೃತಿ ಸಂರಕ್ಷಣೆಯ ಕೆಲಸದವರು, ಮೈಸೂರು

ತೆಂಗಿನ ನಾರನ್ನು ಆರಿಸಿಕೊಂಡವರಿಗೆ ಒಂದು ಸೂಚನೆ: ನಾರನ್ನು ನೀರಿನಲ್ಲಿ ಚೆನ್ನಾಗಿ ತೊಳೆದು ಪೂರ್ತಿ ಒಣಗಿಸಿದ ಮೇಲೆಯೇ ಬಳಸಲಿ, ಇಲ್ಲದಿದ್ದರೆ ತೇವ ತಾಗಿದಾಗ ಅದರ ಕಂದು ರಸ ಇಳಿದು ಪಕ್ಕದ ಬಟ್ಟೆ ಮತ್ತು ಕಾಗದಕ್ಕೆ ಕಲೆಯಾಗುತ್ತದೆ. ಆಲೂಗಡ್ಡೆಯ ಚೀಲಗಳನ್ನು ತರಗತಿಯೊಳಗೆ ತರುವ ಮೊದಲು ಕೊಡವಿ ಬಿಸಿಲಿಗೆ ಹಾಕಿ, ಹುಳುಗಳಿಲ್ಲವೆಂದು ಖಚಿತಪಡಿಸಿಕೊಳ್ಳಿ. ಕೃತಿಗಳು ಸಿದ್ಧವಾದ ಮೇಲೆ ಅವುಗಳ ಛಾಯಾಚಿತ್ರಗಳನ್ನೂ, ಬಳಸಿದ ವಸ್ತುಗಳ ಪಟ್ಟಿಯನ್ನೂ ಇಲ್ಲಿ ಹಂಚಿಕೊಂಡರೆ ಯಾವುದನ್ನು ಹೇಗೆ ಕಾಪಾಡಬಹುದೆಂದು ಒಂದೊಂದನ್ನೂ ನೋಡಿ ಬರೆಯುತ್ತೇನೆ.